ಚೌಕಟ್ಟಿನೊಳಗೆ ಯಾರಿರಬೇಕು?

ನಮ್ಮೂರ ರಥೋತ್ಸವ ಮುಗಿದ ಮರುದಿನ, ಈಗ ಪಿಯುಸಿ ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಂದೆಯೊಂದಿಗೆ ಮನೆಗೆ ಬಂದಿದ್ದಳು. ಅವಳ ಮೊಬೈಲಿನಲ್ಲಿ ಇನ್ನೂರಕ್ಕೂ ಹೆಚ್ಚು ಚಿತ್ರಗಳಿದ್ದವು. ‘ತೇರು ಎಳೆಯುವಾಗ ಮೈ ಜುಮ್ ಅಂದಿತ್ತು ಸಾರ್. ಫೋಟೊದಲ್ಲಿ ಅದೇನೂ ಇಲ್ಲ’ ಎಂಬುದು ಅವಳ ದೂರು. ತಂದೆಯದು ಬೇರೆ ಚಿಂತೆ. ‘ಐವತ್ತು ಸಾವಿರದ ಕ್ಯಾಮೆರಾ ಬೇಕಂತೆ ಮೇಷ್ಟ್ರೇ. ಕೊಡಿಸಿದರೆ ಸರಿಹೋಗುತ್ತಾ?’

ಚಿತ್ರಗಳನ್ನು ಒಂದೊಂದಾಗಿ ನೋಡಿದೆ. ತೇರೇನೋ ಇತ್ತು. ಅದರ ಜೊತೆಗೆ ವಿದ್ಯುತ್ ತಂತಿ, ಶುಭಾಶಯ ಕೋರುವ ಬ್ಯಾನರು, ಐಸ್‌ಕ್ರೀಮ್ ಗಾಡಿ, ಯಾರದೋ ಅರ್ಧ ತಲೆ ಎಲ್ಲವೂ ಇದ್ದವು. ‘ಇಷ್ಟೆಲ್ಲ ಅಲ್ಲಿತ್ತೇನಮ್ಮಾ?’ ಎಂದು ಕೇಳಿದರೆ ಅವಳಿಗೇ ಆಶ್ಚರ್ಯ. ತಂತಿ ತನಗೆ ಕಾಣಿಸಲೇ ಇಲ್ಲವೆಂದಳು. ಅವಳು ಹೇಳಿದ್ದು ಸುಳ್ಳಲ್ಲ.

ವಿದ್ಯಾರ್ಥಿಗಳೇ, ನಿಮ್ಮ ತೋಳನ್ನು ನೀಳವಾಗಿ ಚಾಚಿ ಹೆಬ್ಬೆರಳ ಉಗುರನ್ನು ನೋಡಿ. ಒಂದು ಕ್ಷಣದಲ್ಲಿ ನಮ್ಮ ಕಣ್ಣು ತೀರಾ ಸ್ಪಷ್ಟವಾಗಿ ಕಾಣಬಲ್ಲದ್ದು ಹೆಚ್ಚುಕಡಿಮೆ ಆ ಉಗುರಿನಷ್ಟು ಜಾಗವನ್ನು ಮಾತ್ರ. ಉಳಿದದ್ದು ಮಸುಕು. ಕಣ್ಣು ಅತ್ತಿತ್ತ ಓಡಾಡಿ ತುಣುಕುಗಳನ್ನು ತರುತ್ತದೆ; ಮಿದುಳು ಬೇಕಾದ್ದನ್ನು ಜೋಡಿಸಿಕೊಂಡು ಬೇಡದ್ದನ್ನು ಬದಿಗೆ ಸರಿಸುತ್ತದೆ. ಕ್ಯಾಮೆರಾಕ್ಕೆ ಈ ಆಯ್ಕೆಯ ಬುದ್ಧಿ ಇಲ್ಲ. ಅದಕ್ಕೆ ಉತ್ಸವಮೂರ್ತಿಯೂ ಒಂದೇ, ಐಸ್‌ಕ್ರೀಮ್ ಗಾಡಿಯೂ ಒಂದೇ.

ಇನ್ನೊಂದು ವ್ಯತ್ಯಾಸವೂ ಉಂಟು. ನಮಗಿರುವುದು ಎರಡು ಕಣ್ಣು. ಅವುಗಳಿಂದಾಗಿ ಹತ್ತಿರದ ಗೆಳೆಯ ಬೇರೆ, ಹಿಂದಿನ ತೆಂಗಿನಮರ ಬೇರೆ ಎಂದು ಆಳ ತಿಳಿಯುತ್ತದೆ. ಒಂಟಿಕಣ್ಣಿನ ಕ್ಯಾಮೆರಾ ಎರಡನ್ನೂ ಒಂದೇ ಹಾಳೆಗೆ ಅಂಟಿಸುತ್ತದೆ. ಗೆಳೆಯನ ನೆತ್ತಿಯಿಂದ ಮರ ಹುಟ್ಟುವುದು ಹೀಗೆ!

ಅವಳಿಗೆ ಅಂದು ನಾನು ಕೊಟ್ಟದ್ದು ಒಂದು ಹಳೆಯ ಮದುವೆ ಕರೆಯೋಲೆಯ ರಟ್ಟು. ಅದರ ನಡುವೆ 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರದ ಕಿಂಡಿ ಕತ್ತರಿಸಿದೆ. ಹಳೆಯ ಫಿಲ್ಮ್ ರೀಲಿನ ಒಂದು ಚಿತ್ರದ ಅಳತೆ ಅದು. ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿನಿಂದ ಐದು ಸೆಂಟಿಮೀಟರ್ ದೂರದಲ್ಲಿ ರಟ್ಟನ್ನು ಹಿಡಿದರೆ ಆ ಫಿಲ್ಮಿನ ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸ್ ತೋರಿಸುವಷ್ಟೇ ನೋಟ ಕಾಣುತ್ತದೆ. ಹತ್ತು ಸೆಂಟಿಮೀಟರಿಗೆ ಸರಿಸಿದರೆ 100 ಮಿ.ಮೀ. ಲೆನ್ಸು. ‘ಒಂದು ವಾರ ಮೊಬೈಲ್ ಮುಟ್ಟಬೇಡ. ಇದರಲ್ಲೇ ನೋಡು. ನೋಡುವಾಗ ನಡುವಿನದ್ದನ್ನಲ್ಲ, ನಾಲ್ಕು ಅಂಚುಗಳನ್ನು ಮೊದಲು ನೋಡು’ ಎಂದೆ. ತಂದೆಗೆ ನಗು ಬಂತು. ಐವತ್ತು ಸಾವಿರ ಕೇಳಲು ಬಂದವರಿಗೆ ರಟ್ಟು ಕೊಟ್ಟು ಕಳಿಸಿದ ಮೇಷ್ಟ್ರು!

ಅವರಿಗೆ ಅಂದು ಹೇಳದೆ ಉಳಿದ ಒಂದು ಮಾತನ್ನು ಇಲ್ಲಿ ಬರೆಯುತ್ತೇನೆ. 1994ರಲ್ಲಿ, ನಾನು ಕೆಲಸಕ್ಕೆ ಸೇರಿದ ಹೊಸತು. ಸ್ನೇಹಿತನ ಕ್ಯಾಮೆರಾ ಕಡ ತಂದು ಅಮ್ಮನನ್ನು ಬೇಲೂರಿಗೆ ಕರೆದೊಯ್ದಿದ್ದೆ. ಅಮ್ಮ ಗೋಪುರದ ಬಾಗಿಲಲ್ಲಿ ನಿಂತರು. ಗೋಪುರ ಪೂರ್ತಿ ಬರಲೆಂದು ನಾನು ಹಿಂದೆ ಹಿಂದೆ ಹೋಗಿ, ಸುಮಾರು ನೂರು ಅಡಿ ದೂರದಿಂದ ಗುಂಡಿ ಒತ್ತಿದೆ. ಕಳಶದವರೆಗೆ ಗೋಪುರ ಬಂದಿತ್ತು, ಎಲ್ಲರೂ ಮೆಚ್ಚಿದರು. ಅಮ್ಮ ತೀರಿಕೊಂಡ ಮೇಲೆ ಗೋಡೆಗೆ ಹಾಕಲು ಒಂದು ಭಾವಚಿತ್ರ ಬೇಕಾಯಿತು. ಅವರು ನಗುತ್ತಿದ್ದ ಚಿತ್ರ ನಮ್ಮಲ್ಲಿದ್ದದ್ದು ಅದೊಂದೇ. ಸ್ಟುಡಿಯೊದವರು ಎಷ್ಟು ದೊಡ್ಡದು ಮಾಡಿದರೂ ಮುಖದ ಜಾಗದಲ್ಲಿ ಬರೀ ಕಾಳುಕಾಳು.

ಲೆಕ್ಕ ಹಾಕಿ ನೋಡಿದೆ, ಹತ್ತನೆಯ ತರಗತಿಯ ಲೆಕ್ಕವೇ. ಕ್ಯಾಮೆರಾಕ್ಕಿದ್ದದ್ದು 35 ಮಿ.ಮೀ. ಲೆನ್ಸ್. ಮುಖದ ಎತ್ತರ ಮುಕ್ಕಾಲು ಅಡಿ, ದೂರ ನೂರು ಅಡಿ. ಹಾಗಾದರೆ ಫಿಲ್ಮಿನ ಮೇಲೆ ಅಮ್ಮನ ಮುಖ ಬಿದ್ದದ್ದು ಕಾಲು ಮಿಲಿಮೀಟರ್. ಸಾಸಿವೆ ಕಾಳಿಗಿಂತ ಚಿಕ್ಕದು. ಅಲ್ಲಿ ಇಲ್ಲದ ನಗುವನ್ನು ಯಾವ ಸ್ಟುಡಿಯೊ ತಾನೇ ತರಬಲ್ಲದು?

ಅಂದು ನಾನು ಮಾಡಬೇಕಿದ್ದದ್ದು ಸಣ್ಣ ಕೆಲಸ. ನಾನು ಇದ್ದಲ್ಲೇ ಇದ್ದು, ‘ಅಮ್ಮಾ, ಇತ್ತ ಬಾ’ ಎಂದು ಕರೆದು ಎಂಟು ಅಡಿ ದೂರದಲ್ಲಿ ನಿಲ್ಲಿಸಿದ್ದರೆ ಸಾಕಿತ್ತು. ದೂರ ಹನ್ನೆರಡೂವರೆ ಪಟ್ಟು ಕಡಿಮೆಯಾದರೆ ಬಿಂಬ ಅಷ್ಟೇ ಪಟ್ಟು ದೊಡ್ಡದಾಗುತ್ತದೆ. ಗೋಪುರದ ಗಾತ್ರ ಕೂದಲೆಳೆಯಷ್ಟೂ ಬದಲಾಗುತ್ತಿರಲಿಲ್ಲ. ಅವರ ಹಿಂದೆ ಒಂದಿಷ್ಟು ಮರೆಯಾಗುತ್ತಿತ್ತು, ಅಷ್ಟೆ. ಆದರೆ ಆ ಚಿತ್ರ ಗೋಪುರದ್ದೋ ಅಮ್ಮನದ್ದೋ ಎಂದು ನಾನು ನನ್ನನ್ನು ಕೇಳಿಕೊಂಡಿರಲಿಲ್ಲ. ಗೋಪುರದ ಚಿತ್ರ ಬೇಕೆಂದಿದ್ದರೆ ಅಂಗಡಿಯಲ್ಲೇ ಕಾರ್ಡು ಸಿಗುತ್ತಿತ್ತು.

ಸಂಯೋಜನೆ ಎಂದ ಕೂಡಲೇ ‘ಮೂರನೆಯ ಒಂದು’ ಸೂತ್ರ ಹೇಳುವುದು ವಾಡಿಕೆ. ಚೌಕಟ್ಟನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಪಾಲು ಮಾಡಿ, ಗೆರೆಗಳು ಕೂಡುವಲ್ಲಿ ಮುಖ್ಯ ವಸ್ತುವನ್ನು ಇಡಬೇಕೆಂಬ ಮಾತು. ಇಂಗ್ಲೆಂಡಿನ ಜಾನ್ ಥಾಮಸ್ ಸ್ಮಿತ್ 1797ರಲ್ಲಿ ಗ್ರಾಮೀಣ ದೃಶ್ಯಗಳ ಕುರಿತ ತನ್ನ ಪುಸ್ತಕದಲ್ಲಿ ಈ ಹೆಸರನ್ನು ಬಳಸಿದ. ಆಗ ಛಾಯಾಗ್ರಹಣ ಇನ್ನೂ ಹುಟ್ಟಿರಲಿಲ್ಲ. ಅವನು ಬರೆದದ್ದು ವರ್ಣಚಿತ್ರಗಳ ಬಗ್ಗೆ. ಸೂತ್ರ ಕೆಟ್ಟದ್ದೇನಲ್ಲ. ಆದರೆ ಚಿತ್ರದಲ್ಲಿ ಮುಖ್ಯವಾದದ್ದು ಯಾವುದೆಂದು ಗೊತ್ತಿಲ್ಲದವನಿಗೆ ಅದನ್ನು ಎಲ್ಲಿಡಬೇಕೆಂದು ಹೇಳಿ ಏನು ಪ್ರಯೋಜನ?

ಫ್ರಾನ್ಸಿನ ಹೆನ್ರಿ ಕಾರ್ತಿಯೆ ಬ್ರೆಸೋನ್ 1932ರಲ್ಲಿ ಪ್ಯಾರಿಸ್ಸಿನ ಒಂದು ರೈಲು ನಿಲ್ದಾಣದ ಹಿಂಬದಿ ತೆಗೆದ ಚಿತ್ರವನ್ನು ಹುಡುಕಿ ನೋಡಿ. ನೀರು ನಿಂತ ಜಾಗದ ಮೇಲೆ ಒಬ್ಬ ಹಾರುತ್ತಿದ್ದಾನೆ. ಹಿಮ್ಮಡಿ ಇನ್ನೇನು ನೀರು ಮುಟ್ಟಬೇಕು. ಹಿಂದಿನ ಗೋಡೆಯ ಭಿತ್ತಿಪತ್ರದಲ್ಲಿ ನರ್ತಕಿಯೊಬ್ಬಳು ಅದೇ ಭಂಗಿಯಲ್ಲಿ ಜಿಗಿಯುತ್ತಿದ್ದಾಳೆ. ಬೇಲಿಯ ಹಲಗೆಗಳ ಸಂದಿಯಿಂದ ತೆಗೆದ ಚಿತ್ರ ಅದು. ತೆಗೆದ ಚಿತ್ರವನ್ನು ಕತ್ತರಿಸುವುದು ಬ್ರೆಸೋನ್‌ಗೆ ಒಗ್ಗದ ಕೆಲಸ. ಆದರೂ ಇದರಲ್ಲಿ ಹಲಗೆ ಅಡ್ಡ ಬಂದ ಅಂಚನ್ನು ಅವನು ಕತ್ತರಿಸಲೇಬೇಕಾಯಿತು. ನಮ್ಮಂಥವರಿಗೆ ಧೈರ್ಯ ಕೊಡುವ ಸಂಗತಿ!

ಇನ್ನು ಬೆಳಕು. ಒಂದು ರೂಪಾಯಿಯ ನಾಣ್ಯವನ್ನು ಕತ್ತಲ ಕೋಣೆಯಲ್ಲಿಟ್ಟು ನೇರ ಮೇಲಿನಿಂದ ಟಾರ್ಚ್ ಬಿಡಿ. ಅಕ್ಷರಗಳು ಚಪ್ಪಟೆ. ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಬಿಟ್ಟರೆ ಒಂದೊಂದು ಅಕ್ಷರವೂ ನೆರಳು ಚೆಲ್ಲಿ ಎದ್ದು ನಿಲ್ಲುತ್ತದೆ. ಚಂದ್ರನ ಕುಳಿಗಳು ಹುಣ್ಣಿಮೆಗಿಂತ ಅಷ್ಟಮಿಯ ಸುಮಾರಿಗೆ ದೂರದರ್ಶಕದಲ್ಲಿ ಚೆನ್ನಾಗಿ ಕಾಣುವುದಕ್ಕೂ ಇದೇ ಕಾರಣ. ಬೇಲೂರು, ಹಳೇಬೀಡಿನ ಗೋಡೆಯ ಶಿಲ್ಪಗಳು ಬೆಳಿಗ್ಗೆ, ಸಂಜೆ ಓರೆಬಿಸಿಲು ಬಿದ್ದಾಗ ಜೀವ ತಳೆಯುತ್ತವೆ. ಶಾಲಾ ಪ್ರವಾಸದ ಬಸ್ಸುಗಳು ಅಲ್ಲಿಗೆ ತಲಪುವುದು ಮಾತ್ರ ಸರಿಯಾಗಿ ಮಧ್ಯಾಹ್ನ ಹನ್ನೆರಡಕ್ಕೆ.

ರಟ್ಟಿನ ವಾರ ಮುಗಿದ ಮೇಲೆ ಹುಡುಗಿಗೆ ಮೊಬೈಲ್ ಬಳಸಲು ಒಂದು ಕರಾರು ಹಾಕಿದೆ. ತಿಂಗಳಿಗೆ 36 ಚಿತ್ರ ಮಾತ್ರ. ಒಂದು ರೀಲಿನಲ್ಲಿ ಬರುತ್ತಿದ್ದದ್ದು ಅಷ್ಟೇ. ಮೊಬೈಲಿನಲ್ಲಿ ಬೆರಳಾಡಿಸಿ ಹಿಗ್ಗಿಸುವುದು ಬೇಡ, ಕಾಲಲ್ಲಿ ನಡೆದು ಹತ್ತಿರ ಹೋಗಬೇಕು. ಆದರೆ ಮುಖಕ್ಕೆ ಒಂದು ಅಡಿಯಷ್ಟು ಸಮೀಪ ಹೋಗಬಾರದು; ಕೆನ್ನೆ, ಕಿವಿಗಳಿಗಿಂತ ಮೂಗು ಕ್ಯಾಮೆರಾಕ್ಕೆ ಹತ್ತಿರವಾಗಿ ಊದಿದಂತೆ ಕಾಣುತ್ತದೆ. ಇದಕ್ಕೂ ಮೇಲಿನ ದೂರದ ಲೆಕ್ಕವೇ ಕಾರಣ.

ಅವಳು ತಿಂಗಳ ಬಳಿಕ ತಂದ 36ರಲ್ಲಿ ಮೂವತ್ತು ಸಾಧಾರಣ. ಐದು ಪರವಾಗಿಲ್ಲ. ಒಂದರಲ್ಲಿ ಅವಳ ಅಜ್ಜಿ ಹಿತ್ತಿಲ ಬಾಗಿಲಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕದಿಂದ ಬಿಸಿಲು, ಹಿಂದೆ ಕತ್ತಲ ಅಡುಗೆಮನೆ. ಮೂಲೆಯಲ್ಲಿ ಮಾತ್ರ ನೀಲಿ ಪ್ಲಾಸ್ಟಿಕ್ ಕುರ್ಚಿಯ ಒಂದು ಕಾಲು ಉಳಿದಿತ್ತು. ನಾನು ಬಾಯಿ ತೆರೆಯುವ ಮೊದಲೇ ‘ಕುರ್ಚಿ ಗೊತ್ತಾಯಿತು ಸಾರ್, ತೆಗೆದ ಮೇಲೆ’ ಎಂದಳು.

ಪೋಷಕರಲ್ಲಿ ಒಂದು ವಿನಂತಿ. ದುಬಾರಿ ಕ್ಯಾಮೆರಾಕ್ಕೆ ಒಂದು ವರ್ಷ ತಡೆಯಿರಿ. ಅದರ ಬದಲು ತಿಂಗಳಿಗೊಂದು ಚಿತ್ರವನ್ನು ಮಕ್ಕಳಿಂದಲೇ ಆರಿಸಿ ಸ್ಟುಡಿಯೊದಲ್ಲಿ ಪ್ರಿಂಟು ಹಾಕಿಸಿ ಕೊಡಿ. ಮೊಬೈಲ್ ಕೆಟ್ಟ ದಿನ ಸಾವಿರಾರು ಚಿತ್ರಗಳು ಒಟ್ಟಿಗೆ ಹೋಗಿಬಿಡಬಹುದು. ಪ್ರಿಂಟಿನ ಹಿಂಬದಿ ಯಾರು, ಎಲ್ಲಿ, ಯಾವ ದಿನ ಎಂದು ಪೆನ್ಸಿಲಿನಲ್ಲಿ ಮಗುವಿನ ಕೈಯಿಂದಲೇ ಬರೆಸಿ. ಆ ಅಜ್ಜಿಯ ಚಿತ್ರವನ್ನು ಅವಳ ತಂದೆ ದೊಡ್ಡದು ಮಾಡಿಸಿದ್ದಾರೆ, ಕುರ್ಚಿಯ ಕಾಲು ಕತ್ತರಿಸಿ.