ತೊಟ್ಟಿಕ್ಕುವ ನಲ್ಲಿ ಯಾರದ್ದು?

ಸೆಕೆಂಡಿಗೆ ಒಂದು ಹನಿ. ನೋಡಿದರೆ ಇದೇನು ಮಹಾ ಎನಿಸುತ್ತದೆ. ಆದರೆ ದಿನಕ್ಕೆ 86,400 ಸೆಕೆಂಡುಗಳಿವೆ. ನಾಲ್ಕು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ ದಿನಕ್ಕೆ 21 ಲೀಟರ್ ದಾಟುತ್ತದೆ. ಅಂದರೆ ದುಡ್ಡು ಕೊಟ್ಟು ತರಿಸುವ 20 ಲೀಟರಿನ ನೀರಿನ ಕ್ಯಾನೊಂದನ್ನು ದಿನವೂ ಮೋರಿಗೆ ಸುರಿದಂತೆ!

ನಮ್ಮ ಕುಮಾರಸ್ವಾಮಿ ಲೇಔಟ್‌ನಲ್ಲಿ ಇಂಥ ನಲ್ಲಿಗಳಿಗೆ ಬರವಿಲ್ಲ. ಕಾಲೇಜು ಹತ್ತಿರವಿರುವುದರಿಂದ ಬೀದಿಗೆ ನಾಲ್ಕು ಪಿ.ಜಿ.ಗಳು, ಮಹಡಿ ಮಹಡಿಗೂ ಬಾಡಿಗೆ ಮನೆಗಳು. ನಲ್ಲಿ ಸೋರಿದರೆ ‘ಓನರ್ ರಿಪೇರಿ ಮಾಡಿಸಲಿ’ ಎಂದು ಬಾಡಿಗೆದಾರ, ‘ಬಳಸುವವರೇ ಮಾಡಿಸಿಕೊಳ್ಳಲಿ’ ಎಂದು ಓನರ್. ಪಿ.ಜಿ.ಯಲ್ಲಾದರೆ ‘ಪ್ಲಂಬರ್ ನಾಳೆ ಬರ್ತಾನೆ’ ಎಂಬ ಉತ್ತರ ಸದಾ ಸಿದ್ಧ. ಅಲ್ಲಿಯವರೆಗೆ ನಲ್ಲಿಗೊಂದು ಬಟ್ಟೆ ಕಟ್ಟುತ್ತೇವೆ, ಇಲ್ಲವೇ ಅಡಿಗೊಂದು ಬಕೆಟ್ ಇಡುತ್ತೇವೆ. ನೀರಿನ ಬಿಲ್ ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವ ಕಟ್ಟಡದಲ್ಲಿ ಉಳಿಸಿದವನಿಗೂ ಅಷ್ಟೇ, ಪೋಲು ಮಾಡಿದವನಿಗೂ ಅಷ್ಟೇ. ಹಾಗಾಗಿ ಸೋರುವ ನಲ್ಲಿ ಯಾರದ್ದೂ ಅಲ್ಲ.

ಆ ನೀರು ಎಲ್ಲಿಂದ ಬರುತ್ತದೆ ಗೊತ್ತಲ್ಲ? ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ ಬರುತ್ತದೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಯ ಪಂಪಿಂಗ್ ಕೇಂದ್ರಗಳು ಅದನ್ನು ಹಂತ ಹಂತವಾಗಿ ಸುಮಾರು 500 ಮೀಟರ್ ಮೇಲಕ್ಕೆತ್ತುತ್ತವೆ. ತಾತಗುಣಿ ಇರುವುದು ನಮ್ಮ ಪಕ್ಕದ ಕನಕಪುರ ರಸ್ತೆಯಲ್ಲೇ. ಅಷ್ಟು ವಿದ್ಯುತ್ ಸುಟ್ಟು ಮೇಲೆ ಹತ್ತಿಸಿದ ನೀರನ್ನು ನಾವು ಮತ್ತೆ ಮೋಟಾರು ಹಾಕಿ ಸಂಪ್‌ನಿಂದ ಮೇಲಿನ ಟ್ಯಾಂಕಿಗೆ ಏರಿಸುತ್ತೇವೆ. ಕೊನೆಗೆ ಸವೆದ ಒಂದು ವಾಷರ್ ಅದೆಲ್ಲವನ್ನೂ ವ್ಯರ್ಥ ಮಾಡುತ್ತದೆ.

2024ರ ಬೇಸಿಗೆಯನ್ನು ಬೆಂಗಳೂರಿನವರು ಮರೆಯಲಾರರು. ಆ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ, ಗಿಡಗಳಿಗೆ ಹಾಕಿದರೆ 5,000 ರೂಪಾಯಿ ದಂಡವೆಂದಿತು. ಅಪಾರ್ಟ್‌ಮೆಂಟ್, ಹೋಟೆಲ್‌ಗಳ ನಲ್ಲಿಗಳಿಗೆ ಏರಿಯೇಟರ್ ಕಡ್ಡಾಯ ಮಾಡಿತು. ಅದೇ ಅಕ್ಟೋಬರ್‌ನಲ್ಲಿ ದಿನಕ್ಕೆ 77.5 ಕೋಟಿ ಲೀಟರ್ ತರುವ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ಒಳ್ಳೆಯದೇ. ಆದರೆ ತೂತು ಬಿದ್ದ ಬಿಂದಿಗೆಗೆ ಎಷ್ಟು ನೀರು ತುಂಬಿದರೇನು?

ಸೋರಿಕೆ ಪತ್ತೆ ಹೇಗೆ? ‘ನಲ್ಲಿಗಳನ್ನೆಲ್ಲ ಮುಚ್ಚಿ ಮೀಟರ್ ನೋಡಿ’ ಎಂಬುದು ಎಲ್ಲೆಡೆ ಸಿಗುವ ಸಲಹೆ. ನಮ್ಮ ಮನೆಗಳಲ್ಲಿ ಅದು ಅಷ್ಟಾಗಿ ನಡೆಯದು. ಇಲ್ಲಿ ಮೀಟರ್ ಅಳೆಯುವುದು ಸಂಪ್‌ಗೆ ಬೀಳುವ ನೀರನ್ನು. ಸೋರಿಕೆ ಆಗುವುದು ಟ್ಯಾಂಕಿನ ಆಚೆ. ಆದ್ದರಿಂದ ರಾತ್ರಿ ಎಲ್ಲರೂ ಮಲಗುವ ಮುನ್ನ ಮೇಲಿನ ಟ್ಯಾಂಕಿನಲ್ಲಿ ನೀರು ಎಲ್ಲಿಯವರೆಗಿದೆ ಎಂದು ಕೋಲಿನಿಂದ ಅಳೆದು ಗುರುತು ಹಾಕಿ. ಮೋಟಾರು ಹಾಕದೆ, ನೀರು ಬಳಸದೆ ಬೆಳಿಗ್ಗೆ ಮತ್ತೆ ಅಳೆಯಿರಿ. ಮಟ್ಟ ಇಳಿದಿದ್ದರೆ ಸೋರಿಕೆ ಮನೆಯೊಳಗೇ ಇದೆ. ಸಂಪ್‌ಗೂ ಇದೇ ಪರೀಕ್ಷೆ ಮಾಡಿ, ಕಾವೇರಿ ನೀರು ಬಿಡದ ರಾತ್ರಿಯಲ್ಲಿ. ಇಳಿದರೆ ಗೋಡೆ ಬಿರುಕು ಬಿಟ್ಟಿರಬಹುದು. ನೀರು ಬಿಡದಿದ್ದರೂ ಮಟ್ಟ ಏರಿದ್ದರೆ ಇನ್ನೂ ಅಪಾಯ; ಹೊರಗಿನ ಕೊಳೆ ನೀರು ಒಳಗೆ ಬರುತ್ತಿರಬಹುದು. ಆಗ ಆ ನೀರನ್ನು ಕುಡಿಯುವುದು ನಿಲ್ಲಿಸಿ ತಕ್ಷಣ ತೋರಿಸಬೇಕು.

ಸದ್ದು ಮಾಡದ ಕಳ್ಳ ಎಂದರೆ ಫ್ಲಶ್ ಟ್ಯಾಂಕ್. ಒಳಗಿನ ರಬ್ಬರ್ ಸವೆದರೆ ನೀರು ಸದಾ ಕಮೋಡಿಗೆ ಜಾರುತ್ತಲೇ ಇರುತ್ತದೆ, ಕಣ್ಣಿಗೆ ಕಾಣುವುದೂ ಇಲ್ಲ. ಟ್ಯಾಂಕಿಗೆ ಒಂದಿಷ್ಟು ಬೀಟ್‌ರೂಟ್ ರಸ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡಿನ ನೀರು ಕೆಂಪಾದರೆ ರಬ್ಬರ್ ಬದಲಿಸುವ ಕಾಲ ಬಂದಿದೆ ಎಂದರ್ಥ.

ರಿಪೇರಿ ದೊಡ್ಡ ವಿದ್ಯೆಯೇನಲ್ಲ. ಟ್ಯಾಂಕಿನಿಂದ ಬರುವ ಗೇಟ್ ವಾಲ್ವ್ ಮುಚ್ಚಿ, ನಲ್ಲಿ ತೆರೆದು ಪೈಪಿನ ನೀರು ಖಾಲಿ ಮಾಡಿ. ಹಲವು ಸುತ್ತು ತಿರುಗಿಸುವ ಹಳೆಯ ನಲ್ಲಿಯಾದರೆ ಸ್ಪ್ಯಾನರ್‌ನಿಂದ ಮೇಲ್ಭಾಗ ಬಿಚ್ಚಿ ವಾಷರ್ ಬದಲಿಸಿ. ಅರ್ಧ ಸುತ್ತೂ ಬೇಡದ ಹೊಸ ನಲ್ಲಿಯಾದರೆ ಒಳಗಿನ ಕಾರ್ಟ್ರಿಜ್ ಬದಲಿಸಬೇಕು. ಹಳೆಯದನ್ನು ಹಾರ್ಡ್‌ವೇರ್ ಅಂಗಡಿಗೆ ಕೊಂಡೊಯ್ದು ತೋರಿಸಿದರೆ ಅದೇ ಅಳತೆಯದು ಸಿಗುತ್ತದೆ. ನಲ್ಲಿ ಗೋಡೆಗೆ ಸೇರುವ ಕಡೆ ಸೋರಿದರೆ ಟೆಫ್ಲಾನ್ ಟೇಪ್ ಸುತ್ತಿ ಬಿಗಿದರೆ ಸಾಕು. ಬೋರ್‌ವೆಲ್‌ನ ಗಡಸು ನೀರಿನಿಂದ ಏರಿಯೇಟರ್‌ಗೆ ಬಿಳಿ ಪದರ ಕಟ್ಟಿಕೊಂಡಿದ್ದರೆ ನಿಂಬೆರಸದಲ್ಲಿ ನೆನೆಸಿ ಉಜ್ಜಿ. ಗೋಡೆಯೊಳಗಿನ ಪೈಪು, ಮೋಟಾರಿನ ವೈರಿಂಗ್‌ಗೆ ಮಾತ್ರ ಕೈ ಹಾಕಬೇಡಿ, ಅದು ಬಲ್ಲವರ ಕೆಲಸ.

ಇನ್ನು ಮೇಲಿನ ಟ್ಯಾಂಕ್ ತುಂಬಿ ಹರಿಯುವುದು. ಬೆಳಿಗ್ಗೆ ಮೋಟಾರು ಹಾಕಿ ಮರೆತ ಮನೆಯ ಗೋಡೆ ಮೇಲೆ ನೀರಿಳಿಯುವುದು ನಮ್ಮ ಬೀದಿಗಳ ನಿತ್ಯದ ನೋಟ. ಟ್ಯಾಂಕ್ ತುಂಬಿದೊಡನೆ ಮೋಟಾರು ತಾನೇ ನಿಲ್ಲುವಂತೆ ಮಾಡುವ ಸಾಧನ ಮಾರುಕಟ್ಟೆಯಲ್ಲಿದೆ. ಸಂಪ್‌ನ ಬಾಲ್ ವಾಲ್ವ್ ಕೂಡ ಸರಿಯಾಗಿರಲಿ. ಇಲ್ಲದಿದ್ದರೆ ಕಾವೇರಿ ಬಂದಾಗ ಸಂಪ್ ತುಂಬಿ ರಸ್ತೆಗೆ ಹರಿಯುತ್ತದೆ.

ಆದರೆ ವಾಷರ್ ಹಾಕುವುದಕ್ಕಿಂತ ಕಷ್ಟದ ಕೆಲಸ ‘ಇದು ಯಾರದ್ದು’ ಎಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದು. ಬೆಂಗಳೂರಿನಲ್ಲಿ ಮನೆ ಖಾಲಿ ಮಾಡುವಾಗ ಬಣ್ಣಕ್ಕೆಂದು ಅಡ್ವಾನ್ಸ್‌ನಲ್ಲಿ ಹಣ ಹಿಡಿಯುವುದು ಎಲ್ಲರಿಗೂ ಗೊತ್ತು. ಬಾಡಿಗೆ ಕರಾರಿನಲ್ಲೇ ಅದನ್ನು ಬರೆದಿರುತ್ತಾರೆ. ಗೋಡೆಯ ಬಣ್ಣಕ್ಕೆ ಇರುವ ಸಾಲು ನಲ್ಲಿಗೆ ಏಕಿಲ್ಲ? ವಾಷರ್, ಟೇಪಿನಂಥ ಸಣ್ಣಪುಟ್ಟ ಖರ್ಚು ಬಾಡಿಗೆದಾರರದ್ದು. ಪೈಪು, ವಾಲ್ವ್, ಟ್ಯಾಂಕು ಓನರ್‌ದು. ಸೋರಿಕೆ ತಿಳಿಸಿದ ಇಂತಿಷ್ಟು ದಿನದೊಳಗೆ ರಿಪೇರಿ ಆಗಬೇಕು ಎಂದು ಮೊದಲೇ ಬರೆದುಕೊಂಡರೆ ಜಗಳವೂ ಇಲ್ಲ, ಪೋಲೂ ಇಲ್ಲ. ಪಿ.ಜಿ.ಯಲ್ಲಿರುವವರು ತಿಂಗಳಿಗೊಬ್ಬರಂತೆ ನಲ್ಲಿಗಳ ಉಸ್ತುವಾರಿ ವಹಿಸಿಕೊಳ್ಳಬಹುದು.

ಗೆಳೆಯರೇ, ಮುಂದಿನ ಸಲ ಮನೆ ನೋಡಲು ಹೋದಾಗ ವೈಫೈ, ಪಾರ್ಕಿಂಗ್ ಜೊತೆಗೆ ನಲ್ಲಿಗಳನ್ನೂ ಒಮ್ಮೆ ತಿರುಗಿಸಿ ನೋಡಿ. ಸೋರುತ್ತಿದ್ದರೆ ಅಡ್ವಾನ್ಸ್ ಕೊಡುವ ಮೊದಲೇ ಕೇಳಿ.