ಹಸುಗೂಸಿಗೆ ಮದ್ದಿನ ಅಳತೆ

ಗುಂಡ್ಲುಪೇಟೆಯ ತಾಲ್ಲೂಕು ಆಸ್ಪತ್ರೆಯಲ್ಲಾಗಲಿ, ಚಾಮರಾಜನಗರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಾಗಲಿ ಹುಟ್ಟಿದ ಕೂಸನ್ನು ತಕ್ಕಡಿಯಲ್ಲಿಟ್ಟು ತೂಗುವರು. ಮದ್ದಿನ ಲೆಕ್ಕಕ್ಕೆ ಈ ತೂಕವೇ ಆಧಾರ. ಆದರೆ ತೂಕವೊಂದೇ ಸಾಲದು. ಕೂಸಿನ ಪಿತ್ತಜನಕಾಂಗವೂ ಮೂತ್ರಪಿಂಡಗಳೂ ಇನ್ನೂ ಬಲಿತಿರುವುದಿಲ್ಲ. ಆದುದರಿಂದ ಹಲವು ಔಷಧಗಳು ಬೇಗ ಹೊರಹೋಗದೆ ರಕ್ತದಲ್ಲಿಯೇ ಶೇಖರವಾಗುತ್ತವೆ.

ಕ್ಲೋರಾಂಫೆನಿಕಾಲ್ ಪಡೆದ ಶಿಶುಗಳು ಬೂದುಬಣ್ಣಕ್ಕೆ ತಿರುಗಿ ಅಸುನೀಗಿದುದು 1959ರಲ್ಲಿ ವರದಿಯಾದಾಗ ವೈದ್ಯಲೋಕವು ಎಚ್ಚೆತ್ತಿತು. ಇಂದು ಜೆಂಟಮೈಸಿನನ್ನು ತಿಂಗಳು ತುಂಬದ ಕೂಸಿಗೆ 36 ಇಲ್ಲವೆ 48 ಗಂಟೆಗಳಿಗೊಮ್ಮೆ ಕೊಡುವುದುಂಟು. ದಶಾಂಶದ ಚುಕ್ಕೆ ಒಂದು ಸ್ಥಾನ ಸರಿದರೆ ಮದ್ದು ಹತ್ತು ಪಟ್ಟಾದೀತು!

ಯಾವ ಮದ್ದು, ಎಷ್ಟು, ಎಷ್ಟು ಹೊತ್ತಿಗೊಮ್ಮೆ, ಪರಿಣಾಮವೇನು ಎಂಬುದನ್ನು ಪ್ರತಿ ಕೂಸಿಗೂ ಬರೆದಿಟ್ಟು, ಹೋಲಿಸಿ ನೋಡುವುದೇ ಆಸ್ಪತ್ರೆಯ ಔಷಧತಜ್ಞರ ಸಂಶೋಧನೆ. ಮಾತು ಬಾರದ ರೋಗಿಯ ಪರವಾಗಿ ಆ ಲೆಕ್ಕದ ಪುಸ್ತಕವೇ ಮಾತನಾಡಬೇಕು.