ಕರಾವಳಿಯಲ್ಲಿ ವಸಂತ ಋತುವಿನ ಆರಂಭ: ಪಂಚಾಂಗ, ಸೂರ್ಯ, ಉಷ್ಣಾಂಶ ಮತ್ತು ಮರಗಿಡಗಳ ಲೆಕ್ಕ – ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳನ್ನು ಒಳಗೊಂಡ ಕರಾವಳಿಯಲ್ಲಿ ವಸಂತ ಋತುವು ಯಾವಾಗ ಆರಂಭವಾಗುತ್ತದೆ ಎಂಬ ಪ್ರಶ್ನೆಯು ಹವಾಮಾನಾಸಕ್ತರ ನಡುವೆ ಪ್ರತಿ ವರ್ಷ ಚರ್ಚೆಗೆ ಬರುತ್ತದೆ. ಕೆಲವರು ಯುಗಾದಿಯನ್ನು, ಕೆಲವರು ಬಿಸು ಹಬ್ಬವನ್ನು, ಮತ್ತೆ ಕೆಲವರು ಸೂರ್ಯನ ವಿಷುವ ದಿನವನ್ನು ಆಧಾರವಾಗಿ ಹಿಡಿಯುತ್ತಾರೆ. ತಾಪಮಾನದ ದಾಖಲೆಯನ್ನು ಬರೆದಿಡುವವರು ಕರಾವಳಿಗೆ ವಸಂತವೇ ಇಲ್ಲವೆಂದು ವಾದಿಸುತ್ತಾರೆ. ಮಾವು, ಗೇರು ಬೆಳೆಯುವವರು ವಸಂತವು ಸಂಕ್ರಾಂತಿಗೆ ಮೊದಲೇ ಬಂದಿರುತ್ತದೆ ಎನ್ನುತ್ತಾರೆ.

ಮೇಲ್ನೋಟಕ್ಕೆ ಇದು ಕೇವಲ ಕುತೂಹಲದ ವಿಷಯವೆಂದು ತೋರಬಹುದು. ಆದರೆ ತೋಟದ ಕೆಲಸದ ಸಮಯ, ಬಿಸಿಲಿನಲ್ಲಿ ದುಡಿಯುವವರ ಆರೋಗ್ಯ ಮತ್ತು ಬೆಳೆ ವಿಮೆ ಅಥವಾ ಪರಿಹಾರ ಕೋರಿ ಸಲ್ಲಿಸುವ ಅರ್ಜಿಗಳು ಋತುವಿನ ತಿಳಿವಳಿಕೆಯೊಂದಿಗೆ ಸಂಬಂಧ ಹೊಂದಿವೆ. ಆದುದರಿಂದ ಪ್ರಚಲಿತದಲ್ಲಿರುವ ವಿವಿಧ ಲೆಕ್ಕಗಳನ್ನು ಇಲ್ಲಿ ವಿವರಿಸಲಾಗಿದೆ.

1. ಪಂಚಾಂಗದ ಲೆಕ್ಕ

ಸಾಂಪ್ರದಾಯಿಕವಾಗಿ ಚೈತ್ರ ಮತ್ತು ವೈಶಾಖ ಮಾಸಗಳನ್ನು ವಸಂತ ಋತುವೆಂದು ಪರಿಗಣಿಸಲಾಗುತ್ತದೆ. ಚಾಂದ್ರಮಾನ ಪದ್ಧತಿಯಲ್ಲಿ ಚೈತ್ರ ಶುದ್ಧ ಪಾಡ್ಯವೇ ಯುಗಾದಿ. ಚಾಂದ್ರ ವರ್ಷವು ಸುಮಾರು 354 ದಿನಗಳದ್ದಾದುದರಿಂದ ಯುಗಾದಿಯು ಪ್ರತಿ ವರ್ಷ ಹಿಂದಕ್ಕೆ ಸರಿಯುತ್ತದೆ. ಅಧಿಕ ಮಾಸ ಬಂದಾಗ ಮತ್ತೆ ಮುಂದಕ್ಕೆ ಹೋಗುತ್ತದೆ. ಉದಾಹರಣೆಗೆ, 2023ರಲ್ಲಿ ಮಾರ್ಚ್ 22ರಂದು, 2024ರಲ್ಲಿ ಏಪ್ರಿಲ್ 9ರಂದು ಮತ್ತು 2025ರಲ್ಲಿ ಮಾರ್ಚ್ 30ರಂದು ಯುಗಾದಿ ಬಂದಿತು. ಬಿಸಿಲು, ಗಾಳಿಗಳು ಈ ಲೆಕ್ಕವನ್ನು ಅನುಸರಿಸಿ ಹಿಂದೆ ಮುಂದೆ ಸರಿಯುವುದಿಲ್ಲವೆಂಬುದು ಸ್ಪಷ್ಟ.

ತುಳುನಾಡಿನಲ್ಲಿ ಸೌರಮಾನ ಪದ್ಧತಿಯು ರೂಢಿಯಲ್ಲಿದೆ. ಸೂರ್ಯನು ಮೇಷ ರಾಶಿಯನ್ನು ಪ್ರವೇಶಿಸುವುದನ್ನು ಅನುಸರಿಸಿ ಏಪ್ರಿಲ್ 14 ಅಥವಾ 15ರಂದು ಬಿಸು ಹಬ್ಬವನ್ನು ಆಚರಿಸಲಾಗುತ್ತದೆ. ಅಂದಿನಿಂದ ಪಗ್ಗು ತಿಂಗಳು ಆರಂಭವಾಗುತ್ತದೆ. ಸೌರಮಾನದ ಲೆಕ್ಕವು ಚಾಂದ್ರಮಾನದಂತೆ ವರ್ಷದಿಂದ ವರ್ಷಕ್ಕೆ ಏರುಪೇರಾಗುವುದಿಲ್ಲ. ಆದರೂ ಅದರಲ್ಲಿ ನಿಧಾನವಾದ ಒಂದು ಸರಿತವಿದೆ. ನಕ್ಷತ್ರಗಳನ್ನು ಆಧರಿಸಿದ ವರ್ಷವು ಋತುಗಳನ್ನು ಆಧರಿಸಿದ ವರ್ಷಕ್ಕಿಂತ ಸುಮಾರು 20 ನಿಮಿಷ ಹೆಚ್ಚು. ಇದು ಸುಮಾರು 71 ವರ್ಷಗಳಿಗೆ ಒಂದು ದಿನವಾಗುತ್ತದೆ. ಶತಮಾನಗಳ ಹಿಂದೆ ವಿಷುವ ದಿನದ ಜೊತೆಯಲ್ಲಿಯೇ ಬರುತ್ತಿದ್ದ ಮೇಷ ಸಂಕ್ರಾಂತಿಯು ಈಗ ಅದಕ್ಕಿಂತ ಸುಮಾರು 24 ದಿನ ತಡವಾಗಿ ಬರುತ್ತಿರುವುದಕ್ಕೆ ಇದೇ ಕಾರಣ. ಬಿಸು ಎಂಬ ಹೆಸರೇ ವಿಷುವವನ್ನು ನೆನಪಿಸುತ್ತದೆ ಎಂಬುದನ್ನು ಇಲ್ಲಿ ಗಮನಿಸಬಹುದು.

2. ರಾಷ್ಟ್ರೀಯ ಪಂಚಾಂಗದ ಲೆಕ್ಕ

ಮೇಲ್ಕಂಡ ವ್ಯತ್ಯಾಸವನ್ನು ಪರಿಶೀಲಿಸಲು ಭಾರತ ಸರ್ಕಾರವು 1952ರಲ್ಲಿ ವಿಜ್ಞಾನಿ ಡಾ. ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿಯನ್ನು ರಚಿಸಿತು. ಸಮಿತಿಯು 1955ರಲ್ಲಿ ವರದಿ ಸಲ್ಲಿಸಿತು. ಅದರಂತೆ ಶಕ ವರ್ಷವನ್ನು ಆಧರಿಸಿದ ರಾಷ್ಟ್ರೀಯ ಪಂಚಾಂಗವು 1957ರ ಮಾರ್ಚ್ 22ರಿಂದ ಜಾರಿಗೆ ಬಂದಿತು. ಇದರಲ್ಲಿ ಚೈತ್ರ 1ನೇ ತಾರೀಖು ಸಾಮಾನ್ಯ ವರ್ಷಗಳಲ್ಲಿ ಮಾರ್ಚ್ 22ರಂದು, ಅಧಿಕ ವರ್ಷಗಳಲ್ಲಿ ಮಾರ್ಚ್ 21ರಂದು ಬರುತ್ತದೆ. ಸಮಿತಿಯು ಫಾಲ್ಗುಣ ಮತ್ತು ಚೈತ್ರ ಮಾಸಗಳನ್ನು ವಸಂತ ಋತುವಿಗೆ ಸೇರಿಸಿತು. ಅಂದರೆ ಈ ಲೆಕ್ಕದಲ್ಲಿ ವಸಂತವು ಫೆಬ್ರವರಿ 20ರ ಸುಮಾರಿಗೆ ಆರಂಭವಾಗಿ ಏಪ್ರಿಲ್ 20ರ ಸುಮಾರಿಗೆ ಮುಗಿಯುತ್ತದೆ. ಬಿಸು ಹಬ್ಬದ ವೇಳೆಗೆ ವಸಂತ ಮುಗಿಯುವ ಹಂತದಲ್ಲಿರುತ್ತದೆ.

3. ಸೂರ್ಯನ ಲೆಕ್ಕ

ಖಗೋಳ ಲೆಕ್ಕವನ್ನು ಒಪ್ಪುವವರು ಮಾರ್ಚ್ 20 ಅಥವಾ 21ರ ವಿಷುವ ದಿನದಂದು ವಸಂತ ಆರಂಭವೆನ್ನುತ್ತಾರೆ. ಉತ್ತರದ ಶೀತ ದೇಶಗಳಲ್ಲಿ ಈ ದಿನದ ನಂತರ ಹಗಲು ದೀರ್ಘವಾಗಿ ಹಿಮ ಕರಗುವುದರಿಂದ ಅಲ್ಲಿಯವರಿಗೆ ಇದು ಸಹಜವಾದ ಗುರುತು. ಮಂಗಳೂರಿನ ಸ್ಥಿತಿ ಬೇರೆ. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಈ ಊರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನದ ಸೂರ್ಯನು ನೆತ್ತಿಯ ಮೇಲೆಯೇ ಬರುತ್ತಾನೆ. ಕಾರವಾರದಲ್ಲಿ ಇದು ಏಪ್ರಿಲ್ ತಿಂಗಳ ಕೊನೆಗೆ ಘಟಿಸುತ್ತದೆ. ಹೀಗಾಗಿ ವಿಷುವ ದಿನದಂದು ಕರಾವಳಿಯವರು ಎದುರು ನೋಡುವುದು ಚಳಿಯ ನಿವಾರಣೆಯನ್ನಲ್ಲ, ಬಿಸಿಲಿನ ಏರಿಕೆಯನ್ನು.

4. ಉಷ್ಣಾಂಶದ ಲೆಕ್ಕ

1875ರಲ್ಲಿ ಸ್ಥಾಪಿತವಾದ ಭಾರತ ಹವಾಮಾನ ಇಲಾಖೆಯು ವರ್ಷವನ್ನು ನಾಲ್ಕು ಕಾಲಗಳಾಗಿ ವಿಂಗಡಿಸುತ್ತದೆ:

(ಅ) ಚಳಿಗಾಲ – ಜನವರಿ, ಫೆಬ್ರವರಿ
(ಆ) ಮುಂಗಾರು ಪೂರ್ವ ಅಥವಾ ಬೇಸಿಗೆ – ಮಾರ್ಚ್‌ನಿಂದ ಮೇ
(ಇ) ನೈರುತ್ಯ ಮುಂಗಾರು – ಜೂನ್‌ನಿಂದ ಸೆಪ್ಟೆಂಬರ್
(ಈ) ಹಿಂಗಾರು – ಅಕ್ಟೋಬರ್‌ನಿಂದ ಡಿಸೆಂಬರ್

ಈ ವಿಂಗಡಣೆಯಲ್ಲಿ ವಸಂತಕ್ಕೆ ಪ್ರತ್ಯೇಕ ಸ್ಥಾನವಿಲ್ಲ. ಕರಾವಳಿಯ ಅಂಕಿ ಅಂಶಗಳನ್ನು ನೋಡಿದರೆ ಇದರ ಕಾರಣವು ತಿಳಿಯುತ್ತದೆ. ಮಂಗಳೂರಿನಲ್ಲಿ ಜನವರಿಯ ಸರಾಸರಿ ಗರಿಷ್ಠ ಉಷ್ಣಾಂಶವು ಸುಮಾರು 33 ಡಿಗ್ರಿ ಸೆಲ್ಸಿಯಸ್. ಏಪ್ರಿಲ್‌ನಲ್ಲಿ ಅದು ಸುಮಾರು 34 ಡಿಗ್ರಿ. ಅಂದರೆ ಹಗಲಿನ ಏರಿಕೆಯು ಒಂದೆರಡು ಡಿಗ್ರಿ ಮಾತ್ರ. ಬೆಂಗಳೂರಿನಲ್ಲಿ ಇದೇ ಅವಧಿಯಲ್ಲಿ ಗರಿಷ್ಠ ಉಷ್ಣಾಂಶವು ಸುಮಾರು 28 ಡಿಗ್ರಿಯಿಂದ 34 ಡಿಗ್ರಿಗೆ ಏರುತ್ತದೆ. ಘಟ್ಟದ ಮೇಲಿನವರಿಗೆ ಹಗಲಿನಲ್ಲಿ ಕಾಣುವ ಋತು ಬದಲಾವಣೆಯು ಕರಾವಳಿಯವರಿಗೆ ಕಾಣದಿರುವುದು ಇದೇ ಕಾರಣದಿಂದ.

ಆದರೆ ರಾತ್ರಿಯ ಲೆಕ್ಕ ಬೇರೆಯಾಗಿದೆ. ಮಂಗಳೂರಿನ ಕನಿಷ್ಠ ಉಷ್ಣಾಂಶವು ಜನವರಿಯಲ್ಲಿ ಸರಾಸರಿ 21 ಡಿಗ್ರಿಯಷ್ಟಿದ್ದು, ಏಪ್ರಿಲ್‌ನಲ್ಲಿ 25 ಡಿಗ್ರಿಯನ್ನು ತಲುಪುತ್ತದೆ. ಇದರೊಂದಿಗೆ ಗಾಳಿಯಲ್ಲಿನ ತೇವಾಂಶವೂ ಏರುತ್ತದೆ. ಆದುದರಿಂದ ಕರಾವಳಿಯಲ್ಲಿ ಋತು ಬದಲಾವಣೆಯನ್ನು ಗುರುತಿಸಬಯಸುವವರು ಮಧ್ಯಾಹ್ನದ ತಾಪಮಾನಕ್ಕಿಂತ ಮುಂಜಾನೆಯ ತಾಪಮಾನವನ್ನು ದಾಖಲಿಸುವುದು ಹೆಚ್ಚು ಉಪಯುಕ್ತ. ಮುಂಜಾವಿನ ತಂಪು ಮಾಯವಾಗಿ, ಹೊದಿಕೆಯ ಅಗತ್ಯವು ಇಲ್ಲದಾಗುವ ವಾರವೇ ಇಲ್ಲಿ ಚಳಿಗಾಲದ ಕೊನೆ.

5. ಗಾಳಿಯ ಪಾತ್ರ

ಕರಾವಳಿಯ ಹಗಲಿನ ಸೆಕೆಯನ್ನು ತಗ್ಗಿಸುವುದು ಕಡಲಗಾಳಿ. ಹಗಲಿನಲ್ಲಿ ನೆಲವು ಕಡಲಿಗಿಂತ ಬೇಗ ಕಾಯುವುದರಿಂದ ಕಡಲಿನ ತಂಪು ಗಾಳಿಯು ನೆಲದತ್ತ ಬೀಸುತ್ತದೆ. ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳ ಕೆಲವು ದಿನಗಳಲ್ಲಿ ಘಟ್ಟದ ಕಡೆಯಿಂದ ಬೀಸುವ ಒಣ ಮೂಡಣ ಗಾಳಿಯು ಪ್ರಬಲವಾಗಿ ಕಡಲಗಾಳಿಯನ್ನು ತಡೆಯುತ್ತದೆ. ಅಂತಹ ದಿನಗಳಲ್ಲಿ ಉಷ್ಣಾಂಶವು ಏಪ್ರಿಲ್, ಮೇ ತಿಂಗಳುಗಳಿಗಿಂತಲೂ ಮೇಲಕ್ಕೆ ಹೋಗುವುದುಂಟು. 2025ರ ಫೆಬ್ರವರಿ ಕೊನೆಯ ವಾರದಲ್ಲಿ, ಅಂದರೆ ಇಲಾಖೆಯ ವಿಂಗಡಣೆಯಂತೆ ಇನ್ನೂ ಚಳಿಗಾಲವಿರುವಾಗಲೇ, ಕರ್ನಾಟಕ ಕರಾವಳಿಗೆ ಬಿಸಿಗಾಳಿಯ ಎಚ್ಚರಿಕೆಯನ್ನು ನೀಡಲಾಗಿತ್ತು.

ಕರಾವಳಿಯ ಕೇಂದ್ರಗಳಲ್ಲಿ ಗರಿಷ್ಠ ಉಷ್ಣಾಂಶವು 37 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಾಗಿದ್ದು, ವಾಡಿಕೆಗಿಂತ 4.5 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿನ ವ್ಯತ್ಯಾಸವಿದ್ದರೆ ಅದನ್ನು ಬಿಸಿಗಾಳಿಯ ಸ್ಥಿತಿಯೆಂದು ಪರಿಗಣಿಸಲಾಗುತ್ತದೆ. ಬಯಲು ಪ್ರದೇಶಗಳಿಗೆ ಈ ಮಿತಿಯು 40 ಡಿಗ್ರಿ. ತೇವಾಂಶ ಹೆಚ್ಚಿರುವಲ್ಲಿ ಬೆವರು ಆರದೆ ದೇಹವು ತಣಿಯುವುದು ಕಷ್ಟವಾದುದರಿಂದ 37 ಡಿಗ್ರಿಯೇ ಅಪಾಯಕಾರಿಯಾಗಬಲ್ಲದು. ಆದ್ದರಿಂದ ‘ಇನ್ನೂ ಬೇಸಿಗೆ ಬಂದಿಲ್ಲ’ ಎಂಬ ನಂಬಿಕೆಯಿಂದ ಫೆಬ್ರವರಿ, ಮಾರ್ಚ್‌ನ ಬಿಸಿಲನ್ನು ಕಡೆಗಣಿಸಬಾರದು. ಕಟ್ಟಡ ಕಾರ್ಮಿಕರು, ತೋಟದ ಕೆಲಸಗಾರರು, ಮೀನು ಒಣಗಿಸುವ ಮಹಿಳೆಯರು ಮತ್ತು ಹಿರಿಯ ನಾಗರಿಕರು ಈ ಬಗ್ಗೆ ವಿಶೇಷ ಎಚ್ಚರಿಕೆ ವಹಿಸತಕ್ಕದ್ದು.

6. ಮರಗಿಡಗಳ ಮತ್ತು ಆಚರಣೆಗಳ ಲೆಕ್ಕ

ಕಾವ್ಯಗಳಲ್ಲಿ ವಸಂತದ ಗುರುತಾದ ಮಾವಿನ ಹೂವು ಕರಾವಳಿಯಲ್ಲಿ ಸಾಮಾನ್ಯವಾಗಿ ಡಿಸೆಂಬರ್, ಜನವರಿಯಲ್ಲಿಯೇ ಕಾಣಿಸಿಕೊಳ್ಳುತ್ತದೆ. ಮಾವಿನ ಮರಕ್ಕೆ ಹೂ ಬಿಡಲು ತಂಪಾದ ರಾತ್ರಿಗಳ ಅಗತ್ಯವಿರುವುದೇ ಇದಕ್ಕೆ ಕಾರಣ. ಗೇರು ಮರವೂ ಇದೇ ಅವಧಿಯಲ್ಲಿ ಹೂ ಬಿಟ್ಟು ಫೆಬ್ರವರಿಯಿಂದ ಮೇವರೆಗೆ ಫಸಲು ನೀಡುತ್ತದೆ. ಯುಗಾದಿಯ ನಂತರ ವಸಂತವೆಂದು ಭಾವಿಸಿ ಹೂವಿನ ರಕ್ಷಣೆಗೆ ತಡಮಾಡುವ ಬೆಳೆಗಾರನಿಗೆ ಆ ವೇಳೆಗೆ ಉಳಿದಿರುವುದು ಕಾಯಿ ಅಥವಾ ನಷ್ಟ ಮಾತ್ರ. ಕಕ್ಕೆ ಮರವು ಬಿಸಿಲು ಏರಿದ ಮೇಲೆ, ಬಿಸು ಹಬ್ಬದ ಆಸುಪಾಸಿನಲ್ಲಿ, ಹಳದಿ ಹೂಗಳಿಂದ ತುಂಬುತ್ತದೆ. ಒಂದೇ ಊರಿನಲ್ಲಿ ಎರಡು ಮರಗಳು ನಾಲ್ಕು ತಿಂಗಳ ಅಂತರದಲ್ಲಿ ವಸಂತವನ್ನು ಸಾರುತ್ತವೆ ಎನ್ನಬಹುದು.

ತುಳುನಾಡಿನ ಆಚರಣೆಗಳಲ್ಲಿಯೂ ಋತುವಿನ ತಿಳಿವಳಿಕೆ ಅಡಕವಾಗಿದೆ. ಫೆಬ್ರವರಿ ಎರಡನೆಯ ವಾರದ ಸುಮಾರಿಗೆ ಬರುವ ಕೆಡ್ಡಸದ ಮೂರು ದಿನಗಳಲ್ಲಿ ಭೂಮಿಯನ್ನು ಅಗೆಯುವುದಿಲ್ಲ, ಉಳುವುದಿಲ್ಲ. ಭೂಮಿಯು ಋತುಮತಿಯಾಗಿ ಫಲವಂತಿಕೆಗೆ ಸಿದ್ಧಳಾಗುತ್ತಾಳೆ ಎಂಬುದು ನಂಬಿಕೆ. ಬೇಶ ತಿಂಗಳ 10ನೇ ದಿನವಾದ ಪತ್ತನಾಜೆಯಂದು, ಅಂದರೆ ಮೇ ಕೊನೆಯ ವಾರದ ಸುಮಾರಿಗೆ, ಕೋಲ ಹಾಗೂ ಯಕ್ಷಗಾನ ಮೇಳಗಳ ತಿರುಗಾಟಕ್ಕೆ ವಿರಾಮ ನೀಡಿ ಮಳೆಗಾಲಕ್ಕೆ ಸಿದ್ಧತೆ ಮಾಡಲಾಗುತ್ತದೆ. ಈ ಎರಡು ಗುರುತುಗಳ ನಡುವಿನ ಅವಧಿಯನ್ನೇ ಕರಾವಳಿಯ ವಸಂತ ಮತ್ತು ಗ್ರೀಷ್ಮ ಎಂದು ತಿಳಿಯುವವರಿದ್ದಾರೆ.

ಮರಗಳು ಚಿಗುರುವ, ಹೂ ಬಿಡುವ ದಿನಗಳನ್ನು ವಿದ್ಯಾರ್ಥಿಗಳು ಮತ್ತು ಆಸಕ್ತರಿಂದ ದಾಖಲಿಸುವ ಸೀಸನ್‌ವಾಚ್ ಎಂಬ ನಾಗರಿಕ ವಿಜ್ಞಾನ ಯೋಜನೆಯು ದೇಶದಲ್ಲಿ ನಡೆಯುತ್ತಿದೆ. ಒಂದೇ ಮರವನ್ನು ಅನೇಕ ವರ್ಷಗಳ ಕಾಲ ಗಮನಿಸಿದಾಗ ಮಾತ್ರ ಋತು ಸರಿಯುತ್ತಿದೆಯೇ ಎಂಬ ಪ್ರಶ್ನೆಗೆ ಆಧಾರಸಹಿತ ಉತ್ತರ ದೊರೆಯುತ್ತದೆ.

7. ಯಾವ ಲೆಕ್ಕ ಸರಿ?

ಮೇಲಿನ ಲೆಕ್ಕಗಳು ಒಂದಕ್ಕೊಂದು ವಿರುದ್ಧವೆಂದು ತೋರಿದರೂ ಅವು ಬೇರೆ ಬೇರೆ ಪ್ರಶ್ನೆಗಳಿಗೆ ನೀಡಿದ ಉತ್ತರಗಳಾಗಿವೆ. ಹಬ್ಬದ ದಿನವನ್ನು ತಿಳಿಯಲು ಪಂಚಾಂಗವು, ತೋಟದ ಕೆಲಸಕ್ಕೆ ಮರದ ಹೂವು, ಆರೋಗ್ಯ ರಕ್ಷಣೆಗೆ ಹವಾಮಾನ ಇಲಾಖೆಯ ದೈನಂದಿನ ಮುನ್ಸೂಚನೆಯು ಆಧಾರವಾಗಬೇಕು. ಒಂದರ ಸ್ಥಾನದಲ್ಲಿ ಮತ್ತೊಂದನ್ನು ಬಳಸಿದಾಗ ಮಾತ್ರ ತೊಂದರೆ ಉಂಟಾಗುತ್ತದೆ.

8. ಅರ್ಜಿದಾರರ ಗಮನಕ್ಕೆ

(ಅ) ಅಕಾಲಿಕ ಮಳೆ, ಗಾಳಿ, ಸಿಡಿಲು ಮುಂತಾದವುಗಳಿಂದ ಹಾನಿಯಾಗಿ ಅರ್ಜಿ ಸಲ್ಲಿಸುವವರು ‘ಯುಗಾದಿಯ ಸಮಯದಲ್ಲಿ’, ‘ಬಿಸುವಿನ ಹಿಂದಿನ ವಾರ’ ಎಂದು ನಮೂದಿಸದೆ, ಘಟನೆಯ ದಿನಾಂಕ, ಸಮಯ, ಗ್ರಾಮ ಮತ್ತು ಸರ್ವೆ ನಂಬರನ್ನು ಸ್ಪಷ್ಟವಾಗಿ ಬರೆಯುವುದು. ದಿನಾಂಕವಿಲ್ಲದ ಅರ್ಜಿಯನ್ನು ಮಳೆ ದಾಖಲೆಯೊಂದಿಗೆ ತಾಳೆ ನೋಡುವುದು ಕಷ್ಟ.

(ಆ) ಹವಾಮಾನ ಆಧಾರಿತ ಬೆಳೆ ವಿಮಾ ಯೋಜನೆಯಲ್ಲಿ ಪರಿಹಾರವನ್ನು ಋತುವಿನ ಹೆಸರಿನ ಮೇಲಾಗಲೀ ತೋಟದ ಪರಿಶೀಲನೆಯ ಮೇಲಾಗಲೀ ನಿರ್ಧರಿಸುವುದಿಲ್ಲ. ಅಧಿಸೂಚಿತ ಹವಾಮಾನ ಕೇಂದ್ರದಲ್ಲಿ ನಿಗದಿತ ದಿನಾಂಕಗಳ ನಡುವೆ ದಾಖಲಾದ ಮಳೆ, ಉಷ್ಣಾಂಶ ಮುಂತಾದವೇ ಆಧಾರ. ಅಡಿಕೆ ಮತ್ತು ಕಾಳುಮೆಣಸು ಬೆಳೆಗಾರರು ತಮ್ಮ ಗ್ರಾಮಕ್ಕೆ ಅನ್ವಯಿಸುವ ಕೇಂದ್ರ ಯಾವುದೆಂಬುದನ್ನು ಹಾಗೂ ನೋಂದಣಿಯ ಕೊನೆಯ ದಿನಾಂಕವನ್ನು ಆಯಾ ವರ್ಷದ ಅಧಿಸೂಚನೆಯಲ್ಲಿ ಮುಂಚಿತವಾಗಿ ತಿಳಿದುಕೊಳ್ಳುವುದು. ತೋಟಗಾರಿಕೆ ಬೆಳೆಗಳಿಗೆ ರೈತರ ವಂತಿಕೆಯು ವಿಮಾ ಮೊತ್ತದ ಗರಿಷ್ಠ ಶೇ. 5 ಆಗಿರುತ್ತದೆ.

(ಇ) ನಿರ್ದಿಷ್ಟ ದಿನದ ದೃಢೀಕೃತ ಹವಾಮಾನ ಅಂಕಿ ಅಂಶಗಳ ಅಗತ್ಯವಿರುವವರು ಭಾರತ ಹವಾಮಾನ ಇಲಾಖೆಗೆ ಕೋರಿಕೆ ಸಲ್ಲಿಸಬಹುದು. ಕರಾವಳಿಯಲ್ಲಿ ಪಣಂಬೂರು, ಹೊನ್ನಾವರ, ಕಾರವಾರ ಮುಂತಾದೆಡೆ ಇಲಾಖೆಯ ವೀಕ್ಷಣಾ ಕೇಂದ್ರಗಳಿವೆ.

(ಈ) ಮನೆಯಲ್ಲಿ ಮಳೆ, ಉಷ್ಣಾಂಶ ದಾಖಲಿಸುವ ಆಸಕ್ತರು ಅದನ್ನು ಮುಂದುವರಿಸುವುದು ಸ್ವಾಗತಾರ್ಹ. ಆದರೆ ವಿಮೆಯ ಲೆಕ್ಕಕ್ಕೆ ಅಧಿಸೂಚಿತ ಕೇಂದ್ರದ ದಾಖಲೆಯನ್ನು ಮಾತ್ರ ಪರಿಗಣಿಸಲಾಗುತ್ತದೆ ಎಂಬುದನ್ನು ಗಮನಿಸುವುದು.

ಹೆಚ್ಚಿನ ಮಾಹಿತಿಗಾಗಿ ಬೆಳೆ ವಿಮೆಯ ಬಗ್ಗೆ ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರ ಅಥವಾ ತಾಲ್ಲೂಕು ತೋಟಗಾರಿಕೆ ಕಚೇರಿಯನ್ನು, ಹಾನಿ ಪರಿಹಾರದ ಬಗ್ಗೆ ತಾಲ್ಲೂಕು ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.